ಹತ್ತು ಹೆಸರುಗಳು, ಒಂದು ಬಾಗಿಲು

2017ರ ಫೆಬ್ರವರಿ 6, ಸೋಮವಾರ. ಬೆಳಗಿನ ಜಾವ ಐದು ಗಂಟೆಗೆ ದೊಡ್ಡಪ್ಪನ ಮಗ ಬೋಸ್ಟನ್ನಿನಿಂದ ಫೋನು ಮಾಡಿ ನನ್ನನ್ನು ಎಬ್ಬಿಸಿದ. ಅಲ್ಲಿ ಇನ್ನೂ ಭಾನುವಾರದ ಸಂಜೆ, ಸೂಪರ್ ಬೌಲ್ ಶುರುವಾಗುವುದರಲ್ಲಿತ್ತು. ಹಾಸ್ಟೆಲಿನ ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ನಿಯಮಗಳು ಅರ್ಧಂಬರ್ಧ ಗೊತ್ತಿದ್ದ ಆ ಆಟವನ್ನು ನೋಡುತ್ತ ಕೂತೆ. ಮೂರನೇ ಕ್ವಾರ್ಟರಿನ ಹೊತ್ತಿಗೆ ಅಟ್ಲಾಂಟ ಫಾಲ್ಕನ್ಸ್ 28, ಅಣ್ಣನ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ 3. ಇನ್ನೇನು ಮುಗಿಯಿತು ಅಂದುಕೊಂಡು ಮೆಸ್ಸಿಗೆ ಹೋದೆ. ತಿಂಡಿ ತಿಂದು, ಕಾಫಿ ಕುಡಿದು, ಹರಟೆ ಹೊಡೆದು ಒಂಬತ್ತರ ಸುಮಾರಿಗೆ ವಾಪಸು ಬಂದರೆ ಪೇಟ್ರಿಯಟ್ಸ್ 34–28ರಿಂದ ಗೆದ್ದಾಗಿತ್ತು. ಸತತ 31 ಅಂಕ. ಸೂಪರ್ ಬೌಲ್ ಇತಿಹಾಸದಲ್ಲೇ ಮೊದಲ ಬಾರಿಗೆ ಹೆಚ್ಚುವರಿ ಅವಧಿಗೆ ಹೋದ ಪಂದ್ಯ. ಅಣ್ಣ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ತಿಂಡಿಗೆ ಎದ್ದು ಹೋದವನ ಹತ್ರ ಬ್ರೇಡಿ ಬಗ್ಗೆ ಏನು ಮಾತಾಡೋದು?"

ಆದರೂ ಅಂದಿನಿಂದ ಇಂದಿನವರೆಗೆ ನಾವಿಬ್ಬರೂ ಮಾತಾಡುತ್ತಲೇ ಇದ್ದೇವೆ. ಅವನಿಗೆ ಟಾಮ್ ಬ್ರೇಡಿಯೇ ಸಾರ್ವಕಾಲಿಕ ಶ್ರೇಷ್ಠ ಕ್ವಾರ್ಟರ್‌ಬ್ಯಾಕ್. ಅವನ ಆಫೀಸಿನ ಹಿರಿಯರೊಬ್ಬರಿಗೆ ಜೋ ಮೊಂಟಾನಾ. ಅವರ ತಂದೆಗೆ ಜಾನಿ ಯುನೈಟಸ್ ಬಿಟ್ಟು ಇನ್ಯಾರ ಹೆಸರೂ ಕಿವಿಗೆ ಬೀಳುತ್ತಿರಲಿಲ್ಲವಂತೆ. ನಾನು ಈ ಜಗಳವನ್ನು ಕೇಳಿಸಿಕೊಳ್ಳುತ್ತ ಹೋದಂತೆ ಅದು ತೀರ ಪರಿಚಿತ ಅನ್ನಿಸತೊಡಗಿತು. ಕನ್ನಡ ಎಂ.ಎ. ತರಗತಿಯಲ್ಲಿ ಕೂತ ಯಾರೂ ಪಂಪ ದೊಡ್ಡವನೋ ಕುಮಾರವ್ಯಾಸ ದೊಡ್ಡವನೋ ಎಂಬ ವಾದದಿಂದ ತಪ್ಪಿಸಿಕೊಂಡಿರಲಾರರು. ಅಲ್ಲಿಯೂ ನಾವು ಕವಿಯ ಬಗ್ಗೆ ಮಾತಾಡುತ್ತಿದ್ದೇವೆ ಅಂದುಕೊಂಡು, ನಿಜದಲ್ಲಿ ಕಾವ್ಯವೆಂದರೆ ಏನು ಎಂಬ ನಮ್ಮ ನಮ್ಮ ನಂಬಿಕೆಯನ್ನೇ ಮುಂದಿಡುತ್ತಿರುತ್ತೇವೆ. ಶ್ರೇಷ್ಠತೆಯ ವಾದವನ್ನು ಒಂದು ಪಠ್ಯದಂತೆ ಓದಿದರೆ ಏನು ಕಾಣುತ್ತದೆ ಎಂಬ ಕುತೂಹಲದಿಂದ ಈ ಲೇಖನ.

*

ಮೊದಲು ಆಟ ಗೊತ್ತಿಲ್ಲದವರಿಗಾಗಿ ಒಂದೆರಡು ಮಾತು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಪ್ರತಿ ತಂಡದಿಂದ 11 ಜನ. ನಾಲ್ಕು ಪ್ರಯತ್ನಗಳಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಪ್ರಯತ್ನ. ಹೀಗೆ ಸಾಗುತ್ತ ಎದುರಾಳಿಯ ಕೊನೆಯ ಗೆರೆ ದಾಟಿದರೆ ಟಚ್‌ಡೌನ್, ಆರು ಅಂಕ. ಪ್ರತಿ ಪ್ರಯತ್ನದಲ್ಲೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್‌ನ ಕೈಗೆ. ಅವನ ಮುಂದೆ ಐದು ಜನ ಭಾರೀ ಆಳುಗಳು ಗೋಡೆ ಕಟ್ಟಿರುತ್ತಾರೆ. ಆ ಗೋಡೆ ಎರಡು ಮೂರು ಸೆಕೆಂಡು ನಿಲ್ಲಬಹುದು. ಅಷ್ಟರಲ್ಲಿ ಅವನು ಎದುರಾಳಿಗಳ ನಿಲುವನ್ನು ಓದಿ, ಓಡುತ್ತಿರುವ ಜೊತೆಗಾರ ಮುಂದಿನ ಕ್ಷಣದಲ್ಲಿ ಎಲ್ಲಿರುತ್ತಾನೋ ಅಲ್ಲಿಗೆ ಚೆಂಡನ್ನು ಎಸೆಯಬೇಕು. 'ಓದುವುದು' ಎಂಬ ಪದವನ್ನು ನಾನು ಅಲಂಕಾರಕ್ಕೆ ಬಳಸುತ್ತಿಲ್ಲ, ಆ ಆಟದವರೇ ಅದನ್ನು ಹಾಗೆ ಕರೆಯುತ್ತಾರೆ. ಕ್ವಾರ್ಟರ್‌ಬ್ಯಾಕ್ ಎಂದರೆ ಮೈದಾನದಲ್ಲಿ ಓದಬಲ್ಲವನು, ಯೋಚಿಸಬಲ್ಲವನು ಎಂಬ ಕಲ್ಪನೆ ಆ ಜಾಗಕ್ಕೆ ಅಂಟಿಕೊಂಡಿದೆ. ಈ ಕಲ್ಪನೆಯನ್ನು ನೆನಪಿನಲ್ಲಿಡೋಣ, ಮುಂದೆ ಅದರ ಬೆಲೆ ತಿಳಿಯುತ್ತದೆ.

ಈಗ ಮಾನದಂಡಗಳಿಗೆ ಬರೋಣ. ಅಣ್ಣನ ಮೊದಲ ಅಸ್ತ್ರ ಉಂಗುರಗಳ ಲೆಕ್ಕ. ಸೂಪರ್ ಬೌಲ್ ಗೆದ್ದವರಿಗೆ ಉಂಗುರ ಕೊಡುತ್ತಾರೆ. ಬ್ರೇಡಿಯ ಬಳಿ ಏಳಿವೆ. 2021ರಲ್ಲಿ ಅವನು ಏಳನೆಯದನ್ನು ಗೆದ್ದಾಗ ಇಡೀ ಲೀಗಿನ ಯಾವ ತಂಡದ ಬಳಿಯೂ ಆರಕ್ಕಿಂತ ಹೆಚ್ಚು ಇರಲಿಲ್ಲ. ಇದರೆದುರು ವಾದ ಹೂಡುವುದು ಕಷ್ಟ. ಆದರೆ ಉಂಗುರ ಏನನ್ನು ಅಳೆಯುತ್ತದೆ? 2018ರ ಫೈನಲ್ಲಿನಲ್ಲಿ ಬ್ರೇಡಿ 505 ಗಜಗಳಷ್ಟು ಚೆಂಡೆಸೆದ. ಅವನ ತಂಡ ಫಿಲಡೆಲ್ಫಿಯಾ ಎದುರು 41–33ರಿಂದ ಸೋತಿತು. ಮರುವರ್ಷದ ಫೈನಲ್ಲಿನಲ್ಲಿ ಅವನು ಒಂದೂ ಟಚ್‌ಡೌನ್ ಎಸೆಯಲಿಲ್ಲ. ತಂಡ 13–3ರಿಂದ ಗೆದ್ದಿತು. ಉಂಗುರದ ಲೆಕ್ಕದಲ್ಲಿ ಮೊದಲನೆಯದಕ್ಕೆ ಸೊನ್ನೆ, ಎರಡನೆಯದಕ್ಕೆ ಒಂದು. ಅಂದರೆ ಉಂಗುರ ಅಳೆಯುವುದು ತಂಡವನ್ನು. ನಾವು ಅದನ್ನು ಒಬ್ಬನ ಬೆರಳಿಗೆ ತೊಡಿಸುತ್ತೇವೆ, ಅಷ್ಟೇ.

ಈ ಮಾನದಂಡಕ್ಕೆ ವಯಸ್ಸೂ ಕಡಿಮೆ. ಮೊದಲ ಸೂಪರ್ ಬೌಲ್ ನಡೆದದ್ದು 1967ರ ಜನವರಿಯಲ್ಲಿ. ಅದಕ್ಕೂ ಮೊದಲು ಆಡಿ ಮುಗಿಸಿದ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡದ ಆಟೊ ಗ್ರಹಾಂ 1946ರಿಂದ 1955ರವರೆಗೆ ಹತ್ತು ಸೀಸನ್ ಆಡಿದ, ಹತ್ತರಲ್ಲೂ ತನ್ನ ಲೀಗಿನ ಫೈನಲ್ ತಲುಪಿದ, ಏಳನ್ನು ಗೆದ್ದ. ಮೊದಲ ನಾಲ್ಕು ಬೇರೊಂದು ಲೀಗಿನಲ್ಲಿ, ಉಳಿದ ಮೂರು ಎನ್‌ಎಫ್‌ಎಲ್‌ನಲ್ಲಿ. ಉಂಗುರ ಎಣಿಸುವವರ ಬಾಯಲ್ಲಿ ಗ್ರಹಾಂನ ಹೆಸರು ಬರುವುದೇ ಅಪರೂಪ. ಅಳತೆಗೋಲು ಹುಟ್ಟುವ ಮೊದಲೇ ಇದ್ದವನನ್ನು ಆ ಕೋಲು ಅಳೆಯಲಾರದು.

ಮೊಂಟಾನಾ ಪಕ್ಷದವರ ಮಾನದಂಡ ಬೇರೆ: ಕಳಂಕವಿಲ್ಲದಿರುವುದು. ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್ ಪರವಾಗಿ ಅವನು ನಾಲ್ಕು ಸೂಪರ್ ಬೌಲ್ ಆಡಿ ನಾಲ್ಕನ್ನೂ ಗೆದ್ದ. ಆ ನಾಲ್ಕು ಪಂದ್ಯಗಳಲ್ಲಿ 122 ಬಾರಿ ಚೆಂಡೆಸೆದ. ಒಂದೇ ಒಂದು ಎಸೆತವೂ ಎದುರಾಳಿಯ ಕೈಗೆ ಸಿಗಲಿಲ್ಲ. 1989ರ ಫೈನಲ್ಲಿನಲ್ಲಿ ಸಿನ್ಸಿನಾಟಿಯ ಎದುರು ಮೂರು ಅಂಕ ಹಿಂದಿದ್ದಾಗ, ಉಳಿದ ಮೂರು ಚಿಲ್ಲರೆ ನಿಮಿಷಗಳಲ್ಲಿ 92 ಗಜ ಸಾಗಿ, 34 ಸೆಕೆಂಡು ಬಾಕಿ ಇರುವಾಗ ಗೆಲುವಿನ ಟಚ್‌ಡೌನ್ ಎಸೆದ. ಅದನ್ನು ನೋಡಿದವರಿಗೆ ಬ್ರೇಡಿಯ ಹತ್ತು ಫೈನಲ್ಲುಗಳಲ್ಲಿ ಮೂರು ಸೋಲುಗಳು ಎದ್ದು ಕಾಣುತ್ತವೆ. ಆದರೆ ಇಲ್ಲೊಂದು ವಿಚಿತ್ರವಿದೆ. ಫೈನಲ್ಲಿನಲ್ಲಿ ಸೋಲಬೇಕಾದರೆ ಫೈನಲ್ಲಿನವರೆಗೆ ಬಂದಿರಬೇಕು. ಮೊಂಟಾನಾ ಉಳಿದ ವರ್ಷಗಳಲ್ಲಿ ಅದಕ್ಕೂ ಮೊದಲೇ ಸೋತಿದ್ದ; ಆ ಸೋಲುಗಳು ಯಾರ ಲೆಕ್ಕಕ್ಕೂ ಬರುವುದಿಲ್ಲ. ಬೇಗ ಸೋತವನು ಅಕಳಂಕ, ಕೊನೆಯವರೆಗೆ ಬಂದು ಸೋತವನು ಕಳಂಕಿತ ಎಂಬ ತರ್ಕವನ್ನು ನಾವು ಬೇರೆ ಯಾವ ಕ್ಷೇತ್ರದಲ್ಲೂ ಒಪ್ಪಲಾರೆವು.

ಮೂರನೆಯವರು ಅಂಕಿಸಂಖ್ಯೆಗಳ ಪಕ್ಷ. ಡ್ಯಾನ್ ಮರೀನೊ 1984ರಲ್ಲಿ 5,084 ಗಜ, 48 ಟಚ್‌ಡೌನ್ ಎಸೆದ. ಪೇಟನ್ ಮ್ಯಾನಿಂಗ್ 2013ರಲ್ಲಿ 5,477 ಗಜ, 55 ಟಚ್‌ಡೌನ್. ಸಂಖ್ಯೆ ದೊಡ್ಡದಾದರೆ ಆಟಗಾರನೂ ದೊಡ್ಡವನೇ? 1978ರಲ್ಲಿ ಲೀಗು ಎರಡು ನಿಯಮ ಬದಲಿಸಿತು. ಚೆಂಡು ಹಿಡಿಯಲು ಓಡುವವನನ್ನು ಮೊದಲ ಐದು ಗಜಗಳ ಆಚೆ ಎದುರಾಳಿ ತಡೆದು ನೂಕುವಂತಿಲ್ಲ. ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವವರು ಕೈಚಾಚಿ ತಡೆಯಬಹುದು. ಅದೇ ವರ್ಷ ಸೀಸನ್ನಿನ ಪಂದ್ಯಗಳು 14ರಿಂದ 16ಕ್ಕೆ ಏರಿದವು. ಈಗ 17. ಯುನೈಟಸ್‌ನ ಆರಂಭದ ವರ್ಷಗಳಲ್ಲಿ ಇದ್ದದ್ದು ಬರೀ 12. ಆ 12 ಪಂದ್ಯಗಳ ಕಾಲದಲ್ಲಿ ಅವನು ಸತತ 47 ಪಂದ್ಯಗಳಲ್ಲಿ ಕನಿಷ್ಠ ಒಂದು ಟಚ್‌ಡೌನ್ ಎಸೆದ ದಾಖಲೆ ಮುರಿಯಲು 2012ರವರೆಗೆ ಕಾಯಬೇಕಾಯಿತು. ಛಂದಸ್ಸು ಬದಲಾದ ಮೇಲೆ ಬರೆದ ಪದ್ಯಗಳ ಸಾಲುಗಳನ್ನು ಎಣಿಸಿ ಹಳೆಯ ಕವಿಯನ್ನು ಚಿಕ್ಕವನೆನ್ನುವ ಹಾಗಿದೆ ಈ ವಾದ.

ಇವೆಲ್ಲದರ ಹಿಂದೆ ಇನ್ನೊಂದು ಪ್ರಶ್ನೆಯಿದೆ: ಕರ್ತೃ ಯಾರು? ಯುನೈಟಸ್ ಮುಂದಿನ ಆಟ ಯಾವುದೆಂದು ಮೈದಾನದಲ್ಲಿ ತಾನೇ ತೀರ್ಮಾನಿಸುತ್ತಿದ್ದ. ಮೊಂಟಾನಾನ ಕೋಚ್ ಬಿಲ್ ವಾಲ್ಶ್ ಪಂದ್ಯದ ಆರಂಭದ ಆಟಗಳನ್ನು ಮೊದಲೇ ಬರೆದಿಟ್ಟುಕೊಂಡಿರುತ್ತಿದ್ದ. 1994ರಿಂದ ಕ್ವಾರ್ಟರ್‌ಬ್ಯಾಕ್‌ನ ಹೆಲ್ಮೆಟ್ಟಿನೊಳಗೆ ರೇಡಿಯೊ ಇದೆ. ಕೋಚ್ ಹೇಳಿದ್ದು ನೇರ ಕಿವಿಗೆ ಬೀಳುತ್ತದೆ. 2008ರಲ್ಲಿ ಬ್ರೇಡಿ ಮೊದಲ ಪಂದ್ಯದಲ್ಲೇ ಮೊಣಕಾಲು ಮುರಿದುಕೊಂಡು ಹೊರಬಿದ್ದಾಗ, ಅವನ ಜಾಗಕ್ಕೆ ಬಂದ ಮ್ಯಾಟ್ ಕ್ಯಾಸಲ್ ಜೊತೆಗೂ ಪೇಟ್ರಿಯಟ್ಸ್ 11 ಪಂದ್ಯ ಗೆದ್ದಿತು. ಹಾಗಾದರೆ ಎಲ್ಲ ಕೋಚ್ ಬಿಲ್ ಬೆಲಿಚಿಕ್‌ನ ಮಹಿಮೆಯೇ ಎಂದವರಿದ್ದರು. 2020ರಲ್ಲಿ ಬ್ರೇಡಿ ಟ್ಯಾಂಪಾಕ್ಕೆ ಹೋಗಿ ಮೊದಲ ವರ್ಷವೇ ಗೆದ್ದ. ಬೆಲಿಚಿಕ್‌ನ ತಂಡ ಆ ವರ್ಷ 7 ಗೆದ್ದು 9 ಸೋತಿತು. ಆಶ್ರಯದಾತನಿಂದ ಕವಿಯೋ ಕವಿಯಿಂದ ಆಶ್ರಯದಾತನೋ ಎಂಬ ನಮ್ಮ ಹಳೆಯ ತಕರಾರಿಗೆ ಇಷ್ಟು ಚೊಕ್ಕಟವಾದ ಪರೀಕ್ಷೆ ಸಿಕ್ಕಿದ್ದು ನನಗೆ ತಿಳಿದಂತೆ ಇದೊಂದೇ.

ಇಲ್ಲಿಯವರೆಗೆ ಬಂದು ನಿಲ್ಲಿಸಬಹುದಿತ್ತು. ಪ್ರತಿ ಮಾನದಂಡವೂ ತನ್ನ ನಾಯಕನನ್ನು ತಾನೇ ಹುಟ್ಟಿಸುತ್ತದೆ, ಆದ್ದರಿಂದ ಯಾರೂ ಸಾರ್ವಕಾಲಿಕ ಶ್ರೇಷ್ಠರಲ್ಲ ಎಂದು ಮುಗಿಸಿಬಿಡುವುದು ನಮ್ಮಂಥ ಸಂಶೋಧನಾ ವಿದ್ಯಾರ್ಥಿಗಳಿಗೆ ಬಹಳ ಸುಲಭದ ದಾರಿ. ನಾನೂ ಕೆಲವು ವರ್ಷ ಅಣ್ಣನಿಗೆ ಹಾಗೇ ಹೇಳುತ್ತಿದ್ದೆ. ಆದರೆ ಒಂದು ಪಟ್ಟಿ ನನ್ನನ್ನು ಆ ಸುಲಭದ ಜಾಗದಿಂದ ಎಬ್ಬಿಸಿತು.

*

2019ರಲ್ಲಿ ಎನ್‌ಎಫ್‌ಎಲ್ ತನ್ನ ನೂರನೇ ಸೀಸನ್ನಿನ ನೆನಪಿಗೆ ಸಾರ್ವಕಾಲಿಕ ತಂಡವೊಂದನ್ನು ಪ್ರಕಟಿಸಿತು. ಅದರಲ್ಲಿ ಹತ್ತು ಕ್ವಾರ್ಟರ್‌ಬ್ಯಾಕ್‌ಗಳು: ಸ್ಯಾಮಿ ಬಾ, ಆಟೊ ಗ್ರಹಾಂ, ಜಾನಿ ಯುನೈಟಸ್, ರೋಜರ್ ಸ್ಟಾಬಾಕ್, ಜೋ ಮೊಂಟಾನಾ, ಡ್ಯಾನ್ ಮರೀನೊ, ಜಾನ್ ಎಲ್ವೇ, ಬ್ರೆಟ್ ಫಾರ್ವ್, ಪೇಟನ್ ಮ್ಯಾನಿಂಗ್, ಟಾಮ್ ಬ್ರೇಡಿ. ಒಂದೊಂದೇ ಹೆಸರನ್ನು ತೆಗೆದುಕೊಂಡು ನೋಡಿದರೆ ತಕರಾರಿಗೆ ಹೆಚ್ಚು ಜಾಗವಿಲ್ಲ. ಎಲ್ಲರೂ ಅರ್ಹರು. ಆದರೆ ಪಟ್ಟಿಯನ್ನು ಪಟ್ಟಿಯಾಗಿ ಓದಿದರೆ? ಹತ್ತೂ ಜನ ಬಿಳಿಯರು. ಬಹುಸಂಖ್ಯೆಯ ಆಟಗಾರರು ಕಪ್ಪು ಜನಾಂಗದವರಾಗಿರುವ ಲೀಗಿನ ನೂರು ವರ್ಷಗಳ ಸಾರದಲ್ಲಿ ಈ ಒಂದು ಜಾಗಕ್ಕೆ ಒಬ್ಬ ಕಪ್ಪು ಆಟಗಾರನೂ ಸಿಗಲಿಲ್ಲ.

ಪಟ್ಟಿ ಮಾಡಿದವರು ಪಕ್ಷಪಾತಿಗಳು ಎಂದು ನಾನು ಹೇಳುತ್ತಿಲ್ಲ. ಅವರ ಮುಂದಿದ್ದ ದಾಖಲೆಗಳಿಂದ ನಾನು ಆರಿಸಿದ್ದರೂ ಹೆಚ್ಚುಕಡಿಮೆ ಇದೇ ಹೆಸರುಗಳು ಬರುತ್ತಿದ್ದವೇನೋ. ಸಮಸ್ಯೆ ಇರುವುದು ಆಯ್ಕೆಯಲ್ಲಲ್ಲ, ಆಯ್ಕೆಗೆ ಸಿಕ್ಕ ರಾಶಿಯಲ್ಲಿ.

ಪಟ್ಟಿಯ ಅತ್ಯಂತ ಹಳೆಯ ಹೆಸರು ಸ್ಯಾಮಿ ಬಾ. 1937ರಿಂದ 1952ರವರೆಗೆ ವಾಷಿಂಗ್ಟನ್ ತಂಡಕ್ಕೆ ಆಡಿದವನು. ಅದ್ಭುತ ಆಟಗಾರ: 1943ರಲ್ಲಿ ಚೆಂಡೆಸೆಯುವುದರಲ್ಲಿ, ಒದೆಯುವುದರಲ್ಲಿ, ಎದುರಾಳಿಯ ಎಸೆತಗಳನ್ನು ಕಸಿಯುವುದರಲ್ಲಿ, ಮೂರರಲ್ಲೂ ಲೀಗಿಗೇ ಮೊದಲಿಗ. ಅವನು ಲೀಗಿಗೆ ಬಂದ ಹೊತ್ತಿಗೆ ಅಲ್ಲಿ ಒಬ್ಬ ಕಪ್ಪು ಆಟಗಾರನೂ ಇರಲಿಲ್ಲ. 1934ರಿಂದ 1945ರವರೆಗೆ ಹನ್ನೆರಡು ಸೀಸನ್ ಹಾಗೇ ನಡೆಯಿತು. ಬರೆದಿಟ್ಟ ನಿಯಮ ಯಾವುದೂ ಇರಲಿಲ್ಲ, ಬರೆಯುವ ಅಗತ್ಯವೂ ಬೀಳಲಿಲ್ಲ. 1946ರಲ್ಲಿ ಬೇರೆ ತಂಡಗಳು ಬಾಗಿಲು ತೆರೆದ ಮೇಲೂ ವಾಷಿಂಗ್ಟನ್ ಮಾಲೀಕ ಜಾರ್ಜ್ ಪ್ರೆಸ್ಟನ್ ಮಾರ್ಷಲ್ ತೆರೆಯಲಿಲ್ಲ. ಕೇಂದ್ರ ಸರ್ಕಾರದ ನೆಲದಲ್ಲಿ ಕಟ್ಟಿದ ಕ್ರೀಡಾಂಗಣವನ್ನು ಬಳಸಬೇಕಾದರೆ ಭೇದ ಬಿಡಬೇಕೆಂದು ಕೆನಡಿ ಸರ್ಕಾರ ಒತ್ತಡ ಹಾಕಿದ ಮೇಲೆ, 1962ರಲ್ಲಿ, ಎಲ್ಲರಿಗಿಂತ ಕೊನೆಗೆ ಆ ತಂಡ ಕಪ್ಪು ಆಟಗಾರರನ್ನು ಸೇರಿಸಿಕೊಂಡಿತು. ಬಾ ತನ್ನ 16 ಸೀಸನ್ನುಗಳಲ್ಲಿ ಒಬ್ಬನೇ ಒಬ್ಬ ಕಪ್ಪು ಜೊತೆಗಾರನಿಗೆ ಚೆಂಡೆಸೆಯಲಿಲ್ಲ. ಇದು ಅವನ ತಪ್ಪಲ್ಲ. ಆದರೆ ಅವನ ದಾಖಲೆಯ ಪಕ್ಕ ನಾವು ಬರೆಯದೆ ಬಿಡುವ ಸಾಲು ಇದು.

ಬಾಗಿಲು ತೆರೆದ ಮೇಲಾದರೂ ಏನಾಯಿತು? ಕಪ್ಪು ಆಟಗಾರರು ಓಡಬಹುದಿತ್ತು, ಹಿಡಿಯಬಹುದಿತ್ತು, ಕೆಡವಬಹುದಿತ್ತು. ಆದರೆ ಕ್ವಾರ್ಟರ್‌ಬ್ಯಾಕ್ 'ಓದುವ', 'ಯೋಚಿಸುವ' ಜಾಗ. ಕಾಲೇಜಿನಲ್ಲಿ ಆ ಜಾಗದಲ್ಲಿ ಮೆರೆದವರನ್ನೂ ವೃತ್ತಿಪರ ತಂಡಗಳು ಬೇರೆ ಜಾಗಕ್ಕೆ ಸರಿಸುತ್ತಿದ್ದವು. ನಿನ್ನ ಕಾಲು ಚುರುಕು, ನೀನು ಓಡು ಎಂಬ ಹೊಗಳಿಕೆಯ ರೂಪದಲ್ಲೇ ಅದು ಬರುತ್ತಿತ್ತು. ಯಾರಿಗೆ ಅಕ್ಷರ ಒಗ್ಗುತ್ತದೆ ಯಾರಿಗೆ ಒಗ್ಗುವುದಿಲ್ಲ ಎಂದು ಹುಟ್ಟಿನಿಂದಲೇ ತೀರ್ಮಾನಿಸುವ ವ್ಯವಸ್ಥೆಯನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಾರ್ಲಿನ್ ಬ್ರಿಸ್ಕೋ ಒಬ್ಬ. 1968ರಲ್ಲಿ ಡೆನ್ವರ್ ಬ್ರಾಂಕೋಸ್ ಅವನನ್ನು ತೆಗೆದುಕೊಂಡದ್ದು ರಕ್ಷಣೆಯ ಆಟಗಾರನನ್ನಾಗಿ. ಕ್ವಾರ್ಟರ್‌ಬ್ಯಾಕ್ ಜಾಗಕ್ಕೆ ಒಂದು ಪರೀಕ್ಷೆಯನ್ನಾದರೂ ಕೊಡಿ ಎಂದು ಅವನೇ ಪಟ್ಟು ಹಿಡಿದ. ತಂಡದ ಕ್ವಾರ್ಟರ್‌ಬ್ಯಾಕ್ ಗಾಯಗೊಂಡು, ಬದಲಿಯೂ ಕೈಕೊಟ್ಟಾಗ ಬ್ರಿಸ್ಕೋನನ್ನು ಇಳಿಸಿದರು. ಆಧುನಿಕ ಕಾಲದಲ್ಲಿ ವೃತ್ತಿಪರ ಪಂದ್ಯವೊಂದನ್ನು ಕ್ವಾರ್ಟರ್‌ಬ್ಯಾಕ್ ಆಗಿ ಆರಂಭಿಸಿದ ಮೊದಲ ಕಪ್ಪು ಆಟಗಾರ ಅವನು. ಆ ಸೀಸನ್ನಿನಲ್ಲಿ 14 ಟಚ್‌ಡೌನ್ ಎಸೆದ. ಮೊದಲ ವರ್ಷದ ಆಟಗಾರನಿಗೆ ಅದು ಆ ತಂಡದ ದಾಖಲೆ. ಅರ್ಧ ಶತಮಾನ ಹಾಗೇ ಉಳಿಯಿತು. ಮುಂದಿನ ವರ್ಷ ಅವನಿಗೆ ಆ ಜಾಗಕ್ಕೆ ಸ್ಪರ್ಧಿಸಲೂ ಅವಕಾಶ ಸಿಗಲಿಲ್ಲ. ಅವನು ಬಫಲೋಗೆ ಹೋಗಿ ಚೆಂಡು ಹಿಡಿಯುವವನಾದ, ಅದರಲ್ಲೂ ಚೆನ್ನಾಗಿ ಆಡಿದ. ಕ್ವಾರ್ಟರ್‌ಬ್ಯಾಕ್ ಬ್ರಿಸ್ಕೋ ಎಂಬ ಪಠ್ಯ ಒಂದೇ ಅಧ್ಯಾಯಕ್ಕೆ ಮುಗಿದುಹೋಯಿತು.

ಇನ್ನೊಬ್ಬ ವಾರನ್ ಮೂನ್. 1978ರ ಜನವರಿಯ ರೋಸ್ ಬೌಲ್‌ನಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯವನ್ನು ಗೆಲ್ಲಿಸಿ ಪಂದ್ಯದ ಶ್ರೇಷ್ಠ ಆಟಗಾರನಾದವನು. ಆ ವರ್ಷದ ಡ್ರಾಫ್ಟ್ ಹನ್ನೆರಡು ಸುತ್ತು ನಡೆಯಿತು. ಕ್ವಾರ್ಟರ್‌ಬ್ಯಾಕ್ ಆಗಿಯೇ ಆಡುತ್ತೇನೆ ಎಂದು ನಿಂತ ಮೂನ್‌ನನ್ನು ಯಾವ ತಂಡವೂ ಕರೆಯಲಿಲ್ಲ. ಅವನು ಕೆನಡಾಕ್ಕೆ ಹೋದ. ಎಡ್ಮಂಟನ್ ತಂಡದೊಂದಿಗೆ 1978ರಿಂದ 1982ರವರೆಗೆ ಸತತ ಐದು ಬಾರಿ ಅಲ್ಲಿನ ಗ್ರೇ ಕಪ್ ಗೆದ್ದ. ಆರು ವರ್ಷ ಕಳೆದ ಮೇಲೆ, 1984ರಲ್ಲಿ, ಎನ್‌ಎಫ್‌ಎಲ್ ಅವನನ್ನು ಒಳಗೆ ಬಿಟ್ಟುಕೊಂಡಿತು. ಅಲ್ಲಿ 49,325 ಗಜ ಎಸೆದ. ಕೆನಡಾದ 21,228 ಗಜ ಬೇರೆ ಪುಸ್ತಕದಲ್ಲಿವೆ. 2006ರಲ್ಲಿ ಹಾಲ್ ಆಫ್ ಫೇಮ್ ಸೇರಿದ ಮೊದಲ ಕಪ್ಪು ಕ್ವಾರ್ಟರ್‌ಬ್ಯಾಕ್ ಅವನೇ.

*

ಈಗ ಈ ಕಥೆಗಳ ಪಕ್ಕದಲ್ಲಿ ನಾವೆಲ್ಲ ಮೆಚ್ಚುವ ಇನ್ನೊಂದು ಕಥೆಯನ್ನು ಇಡೋಣ. 2000ದ ಡ್ರಾಫ್ಟಿನಲ್ಲಿ ಟಾಮ್ ಬ್ರೇಡಿಯ ಹೆಸರು ಬಂದದ್ದು 199ನೆಯದಾಗಿ. ಅವನಿಗಿಂತ ಮೊದಲು ಆರು ಕ್ವಾರ್ಟರ್‌ಬ್ಯಾಕ್‌ಗಳು ಆಯ್ಕೆಯಾಗಿದ್ದರು. ಯುನೈಟಸ್‌ನದೂ ಇಂಥದೇ ಕಥೆ. 1955ರಲ್ಲಿ ಪಿಟ್ಸ್‌ಬರ್ಗ್ ಅವನನ್ನು ಒಂಬತ್ತನೇ ಸುತ್ತಿನಲ್ಲಿ ಆರಿಸಿ, ಆಡಿಸದೆ ಕೈಬಿಟ್ಟಿತು. ಅವನು ಪಂದ್ಯಕ್ಕೆ ಆರು ಡಾಲರಿನಂತೆ ಊರಿನ ತಂಡವೊಂದಕ್ಕೆ ಆಡಿಕೊಂಡಿದ್ದು, ಮರುವರ್ಷ ಬಾಲ್ಟಿಮೋರ್ ಸೇರಿ, 1958ರಲ್ಲಿ 'ಈವರೆಗಿನ ಅತಿ ಶ್ರೇಷ್ಠ ಪಂದ್ಯ' ಎಂದು ಇಂದಿಗೂ ಕರೆಸಿಕೊಳ್ಳುವ ಫೈನಲ್ಲನ್ನು ನ್ಯೂಯಾರ್ಕ್ ಜಯಂಟ್ಸ್ ಎದುರು ಗೆದ್ದ. ಯಾರೂ ಗುರುತಿಸದ ಪ್ರತಿಭೆ, ಕೊನೆಗೆ ಜಗತ್ತೇ ತಲೆಬಾಗುವ ಗೆಲುವು. ಶ್ರೇಷ್ಠತೆಯ ವಾದದ ಅತ್ಯಂತ ಪ್ರಿಯ ಕಥನ ಇದು. ಅಣ್ಣ 199 ಎಂಬ ಸಂಖ್ಯೆಯನ್ನು ಹೇಳುವಾಗ ಅವನ ದನಿಯೇ ಬೇರೆಯಾಗುತ್ತದೆ.

ನನಗೂ ಈ ಕಥೆ ಇಷ್ಟ. ಆದರೆ ಕಡೆಗಣಿಸುವುದರಲ್ಲಿ ಎರಡು ಬಗೆಯಿದೆ. ಬ್ರೇಡಿಯನ್ನು, ಯುನೈಟಸ್‌ನನ್ನು ಕಡೆಗಣಿಸಿದ್ದು ಕಣ್ತಪ್ಪಿನಿಂದ. ಮೂನ್‌ನನ್ನು, ಬ್ರಿಸ್ಕೋನನ್ನು ಕಡೆಗಣಿಸಿದ್ದು ಕ್ರಮವಾಗಿ, ಒಂದು ಪದ್ಧತಿಯಂತೆ. ಕಣ್ತಪ್ಪಿಗೆ ತಿದ್ದುಪಡಿ ಸಿಗುತ್ತದೆ: ಯಾರೋ ಗಾಯಗೊಳ್ಳುತ್ತಾರೆ, ಬದಲಿ ಆಟಗಾರ ಮೈದಾನಕ್ಕಿಳಿಯುತ್ತಾನೆ, ಗೆಲ್ಲುತ್ತಾನೆ, ಜಾಗ ಅವನದಾಗುತ್ತದೆ. 2001ರಲ್ಲಿ ಬ್ರೇಡಿಗೆ ಆದದ್ದು ಹೀಗೆಯೇ. ಪದ್ಧತಿಗೆ ಅಂಥ ತಿದ್ದುಪಡಿ ಇಲ್ಲ. ಬ್ರಿಸ್ಕೋ ಕೂಡ ಇನ್ನೊಬ್ಬನ ಗಾಯದಿಂದಲೇ ಒಳಗೆ ಬಂದ, ಚೆನ್ನಾಗಿ ಆಡಿದ, ಆದರೂ ಜಾಗ ಅವನದಾಗಲಿಲ್ಲ. ಒಂದೇ ಕಥೆಯ ಮೊದಲರ್ಧ ಇಬ್ಬರಿಗೂ ಸಿಕ್ಕಿತು, ಉತ್ತರಾರ್ಧ ಒಬ್ಬನಿಗಷ್ಟೇ. ಯಾರೂ ಗುರುತಿಸದ ಪ್ರತಿಭೆಯ ಕಥೆಯನ್ನು ನಾವು ಕೊನೆಗೆ ಗುರುತಿಸಲ್ಪಟ್ಟವರ ಬಗ್ಗೆ ಮಾತ್ರ ಹೇಳಬಲ್ಲೆವು. ಹಾಗಾಗಿ ಆ ಕಥೆ ನಮ್ಮ ಮನಸ್ಸಿಗೆ ಒಂದು ಸುಳ್ಳು ಸಮಾಧಾನ ಕೊಡುತ್ತದೆ: ಪ್ರತಿಭೆಯಿದ್ದರೆ ತಡವಾಗಿಯಾದರೂ ಬಾಗಿಲು ತೆರೆಯುತ್ತದೆ ಎಂದು.

ಕವಿರಾಜಮಾರ್ಗ ತನಗಿಂತ ಮೊದಲಿನ ಗದ್ಯಕಾರರೆಂದು ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತರ ಹೆಸರು ಹೇಳುತ್ತದೆ. ಅವರ ಕೃತಿಗಳು ನಮಗೆ ದಕ್ಕಿಲ್ಲ. ಆದರೂ ಸಾಹಿತ್ಯ ಚರಿತ್ರೆ ಬರೆಯುವವರು ಆ ಹೆಸರುಗಳನ್ನು ಬಿಡುವುದಿಲ್ಲ. ದಕ್ಕಿದ್ದಷ್ಟೇ ಇದ್ದದ್ದಲ್ಲ ಎಂದು ಅವು ಪ್ರತಿ ಸಲ ನೆನಪಿಸುತ್ತವೆ. ಕ್ವಾರ್ಟರ್‌ಬ್ಯಾಕ್ ಚರಿತ್ರೆಯ ಕಳೆದುಹೋದ ಭಾಗದಲ್ಲಿ ಹೆಸರುಗಳೂ ಉಳಿದಿಲ್ಲ. ಕಾಲೇಜಿನಲ್ಲಿ ಚೆಂಡೆಸೆದು, ಆಮೇಲೆ ಇನ್ನೊಂದು ಜಾಗದಲ್ಲಿ ಆಡಿದವರು ಆ ಇನ್ನೊಂದು ಜಾಗದ ಪಟ್ಟಿಯಲ್ಲಿದ್ದಾರೆ. ಅವರು ಎಸೆಯದ ಎಸೆತಗಳಿಗೆ ಅಂಕಿಸಂಖ್ಯೆ ಇಲ್ಲ.

*

ಇಷ್ಟು ಹೇಳಿದರೆ ಅಣ್ಣ ಕೇಳುವ ಪ್ರಶ್ನೆ ನ್ಯಾಯವಾದದ್ದೇ: "ಹಾಗಂತ ಬ್ರೇಡಿ ಶ್ರೇಷ್ಠ ಅಲ್ಲ ಅಂತೀಯಾ?" ನಾನು ಬಹಳ ದಿನ ಈ ಪ್ರಶ್ನೆಯಿಂದ ನುಣುಚಿಕೊಂಡೆ. ವಿಮರ್ಶೆ ಬೆಲೆ ಕಟ್ಟುವುದಕ್ಕೆ ಹೆದರಿದರೆ ಅದು ಬರೀ ವಿವರಣೆಯಾಗಿ ಉಳಿಯುತ್ತದೆ. ಆದ್ದರಿಂದ ನನ್ನ ತೀರ್ಮಾನ ಹೇಳಿಬಿಡುತ್ತೇನೆ.

ಆಡಿದವರಲ್ಲಿ ಬ್ರೇಡಿಯೇ ದೊಡ್ಡವನು. ಕಾರಣ ಏಳು ಉಂಗುರಗಳಲ್ಲ. ಅವನು ಮೊದಲ ಸೂಪರ್ ಬೌಲ್ ಗೆದ್ದಾಗ ವಯಸ್ಸು 24, ಕೊನೆಯದನ್ನು ಗೆದ್ದಾಗ 43. ಈ ನಡುವೆ ನಿಯಮಗಳು ಬದಲಾದವು, ಜೊತೆಗಾರರು ಬದಲಾದರು, ಕೊನೆಗೆ ಊರೂ ಕೋಚೂ ಬದಲಾದರು. ಪ್ರತಿ ಸಲವೂ ಅವನು ತನ್ನ ಆಟವನ್ನು ಹೊಸದಾಗಿ ಕಲಿತ. ಇನ್ನೊಂದು ಕಾರಣ ನಾನು ಮೇಲೆ ಹೇಳಿದ ಚರಿತ್ರೆಯಿಂದಲೇ ಬರುತ್ತದೆ. ಸ್ಪರ್ಧೆಯ ಕಣ ಎಷ್ಟು ಅಗಲವಾಗಿತ್ತು ಎಂಬುದೂ ಒಂದು ಮಾನದಂಡವಾಗಬೇಕು. ಬಾ ಆಡಿದ್ದು ಬಾಗಿಲು ಮುಚ್ಚಿದ್ದ ಕಾಲದಲ್ಲಿ. ಗ್ರಹಾಂನ ತಂಡದಲ್ಲಿ 1946ರಿಂದಲೇ ಮೇರಿಯನ್ ಮಾಟ್ಲೆ, ಬಿಲ್ ವಿಲಿಸ್‌ರಂಥ ಕಪ್ಪು ಆಟಗಾರರಿದ್ದರು; ಆದರೆ ಅವನ ಜಾಗಕ್ಕೆ ಪೈಪೋಟಿ ಕೊಡಬಹುದಾಗಿದ್ದ ಕಪ್ಪು ಕ್ವಾರ್ಟರ್‌ಬ್ಯಾಕ್‌ಗಳು ಹೊರಗೇ ಇದ್ದರು. ಯುನೈಟಸ್‌ನ ಕಾಲಕ್ಕೂ ಹೆಚ್ಚುಕಡಿಮೆ ಇದೇ ಮಾತು. ಬ್ರೇಡಿ ಹಾಗಲ್ಲ. ಅವನು ಗೆದ್ದ ಫೈನಲ್ಲುಗಳಲ್ಲಿ 2005ರಲ್ಲಿ ಎದುರಿಗಿದ್ದವನು ಡೊನೊವನ್ ಮೆಕ್‌ನ್ಯಾಬ್, 2015ರಲ್ಲಿ ರಸೆಲ್ ವಿಲ್ಸನ್, 2021ರಲ್ಲಿ ಪ್ಯಾಟ್ರಿಕ್ ಮಹೋಮ್ಸ್. ಮೂವರೂ ಕಪ್ಪು ಕ್ವಾರ್ಟರ್‌ಬ್ಯಾಕ್‌ಗಳು, ತಮ್ಮ ಕಾಲದ ಅತ್ಯುತ್ತಮರು. ಇವರೆಲ್ಲ ಒಳಗಿದ್ದ ಕಣದಲ್ಲಿ ಅವನು ಗೆದ್ದ. ಹೊರಗಿಟ್ಟವರ ಚರಿತ್ರೆಯನ್ನು ನೆನೆದರೆ ಬ್ರೇಡಿ ಚಿಕ್ಕವನಾಗುವುದಿಲ್ಲ, ಅವನ ಗೆಲುವಿನ ತೂಕ ಹೆಚ್ಚುತ್ತದೆ. ಚಿಕ್ಕದಾಗುವುದು 'ಸಾರ್ವಕಾಲಿಕ' ಎಂಬ ಮಾತು.

ಯಾಕೆಂದರೆ ಆ ಪದ ಎಲ್ಲ ಕಾಲಗಳೂ ಒಂದೇ ಬಗೆಯಲ್ಲಿ ತೆರೆದಿದ್ದವು ಎಂದು ಸದ್ದಿಲ್ಲದೆ ಒಪ್ಪಿಸುತ್ತದೆ. ಆಡಿದವರಲ್ಲಿ ಶ್ರೇಷ್ಠ ಎಂದಾಗ ಆಡಲು ಬಿಡದವರ ನೆನಪು ಆ ವಾಕ್ಯದೊಳಗೇ ಇರುತ್ತದೆ. ಸಾರ್ವಕಾಲಿಕ ಶ್ರೇಷ್ಠ ಎಂದಾಗ ಅವರು ವಾಕ್ಯದಿಂದಲೂ ಹೊರಗೆ. ಪಟ್ಟಿಗೆ ಮೂನ್‌ನ ಹೆಸರನ್ನು ಹನ್ನೊಂದನೆಯದಾಗಿ ತುರುಕಿ ಎಂದು ನಾನು ಕೇಳುತ್ತಿಲ್ಲ. ಅದರಿಂದ ಪಟ್ಟಿಯವರ ಮನಸ್ಸಿಗೆ ನೆಮ್ಮದಿ ಸಿಗಬಹುದು, ಅವನ ಆರು ವರ್ಷ ಎನ್‌ಎಫ್‌ಎಲ್ ಪುಸ್ತಕಕ್ಕೆ ಮರಳುವುದಿಲ್ಲ. ನಾನು ಕೇಳುವುದು ಪಟ್ಟಿಯ ಶೀರ್ಷಿಕೆಯನ್ನು ಬದಲಿಸಿ ಎಂದಷ್ಟೇ.

ಬಾಗಿಲು ಪೂರ್ತಿ ತೆರೆದಿದೆ ಎಂದೂ ಅಂದುಕೊಳ್ಳಬೇಕಿಲ್ಲ. 2018ರಲ್ಲಿ ಲಮಾರ್ ಜಾಕ್ಸನ್ ಕಾಲೇಜಿನ ಅತ್ಯುನ್ನತ ಪ್ರಶಸ್ತಿಯೊಂದಿಗೆ ಬಂದಾಗ, ಇವನು ಚೆಂಡು ಹಿಡಿಯುವವನಾಗುವುದು ಒಳ್ಳೆಯದು ಎಂದು ಬಹಿರಂಗವಾಗಿಯೇ ಹೇಳಿದವರಿದ್ದರು. ಬ್ರಿಸ್ಕೋಗೆ ಹೇಳಿದ ಅದೇ ಮಾತು, ಐವತ್ತು ವರ್ಷಗಳ ನಂತರ. ಆ ಹತ್ತು ಹೆಸರುಗಳ ಪಟ್ಟಿ ಹೊರಬಂದ 2019ರ ಸೀಸನ್ನಿನಲ್ಲೇ ಜಾಕ್ಸನ್ ಕ್ವಾರ್ಟರ್‌ಬ್ಯಾಕ್ ಆಗಿ ಲೀಗಿನ ಅತ್ಯಮೂಲ್ಯ ಆಟಗಾರನಾದ. ಒಂದೂ ವಿರುದ್ಧ ಮತವಿಲ್ಲದೆ. ಅದಕ್ಕೂ ಮೊದಲು ಹಾಗೆ ಸರ್ವಾನುಮತದಿಂದ ಆಯ್ಕೆಯಾಗಿದ್ದವನು ಒಬ್ಬನೇ, ಟಾಮ್ ಬ್ರೇಡಿ.

ಸ್ಯಾಮಿ ಬಾ ಆಡಿದ ವಾಷಿಂಗ್ಟನ್ ತಂಡಕ್ಕೆ ಒಮ್ಮೆ ಹಿಂತಿರುಗುತ್ತೇನೆ. 1988ರ ಜನವರಿ 31ರಂದು ಅದೇ ತಂಡ ಸೂಪರ್ ಬೌಲ್ ಆಡಿತು. ಮೊದಲ ಕ್ವಾರ್ಟರಿನಲ್ಲಿ ಡೆನ್ವರ್ ಎದುರು 10–0 ಹಿಂದಿತ್ತು. ಕ್ವಾರ್ಟರ್‌ಬ್ಯಾಕ್ ಮೊಣಕಾಲು ಉಳುಕಿಸಿಕೊಂಡು ಸ್ವಲ್ಪ ಹೊತ್ತು ಹೊರಗೆ ಕೂತ. ಎದ್ದು ಬಂದು ಎರಡನೇ ಕ್ವಾರ್ಟರ್ ಒಂದರಲ್ಲೇ ನಾಲ್ಕು ಟಚ್‌ಡೌನ್ ಎಸೆದ. ಆ ಒಂದು ಕ್ವಾರ್ಟರಿನಲ್ಲಿ ತಂಡ 35 ಅಂಕ ಗಳಿಸಿ, ಕೊನೆಗೆ 42–10ರಿಂದ ಗೆದ್ದಿತು. ಅವನ ಹೆಸರು ಡಗ್ ವಿಲಿಯಮ್ಸ್, ಸೂಪರ್ ಬೌಲ್ ಗೆದ್ದ ಮೊದಲ ಕಪ್ಪು ಕ್ವಾರ್ಟರ್‌ಬ್ಯಾಕ್. ಹತ್ತರ ಪಟ್ಟಿಯಲ್ಲಿ ಅವನಿಲ್ಲ, ಇಡೀ ವೃತ್ತಿಜೀವನ ನೋಡಿದರೆ ಇರಬೇಕಾಗಿಯೂ ಇಲ್ಲ. ಆದರೆ ಆ ಹದಿನೈದು ನಿಮಿಷಗಳನ್ನು ಬಿಟ್ಟು ಆ ಪಟ್ಟಿಯನ್ನು ಓದಲು ನನಗೆ ಈಗ ಆಗುವುದಿಲ್ಲ.

2023ರ ಫೆಬ್ರವರಿ 13, ಮತ್ತೊಂದು ಸೋಮವಾರ. ಸೂಪರ್ ಬೌಲ್‌ನಲ್ಲಿ ಮೊದಲ ಬಾರಿಗೆ ಎರಡೂ ಕಡೆ ಕಪ್ಪು ಕ್ವಾರ್ಟರ್‌ಬ್ಯಾಕ್‌ಗಳು: ಕ್ಯಾನ್ಸಸ್ ಸಿಟಿಗೆ ಮಹೋಮ್ಸ್, ಫಿಲಡೆಲ್ಫಿಯಾಕ್ಕೆ ಜೇಲನ್ ಹರ್ಟ್ಸ್. ನಾನು ಐದು ಗಂಟೆಗೆ ಅಲಾರಂ ಇಟ್ಟುಕೊಂಡು ಎದ್ದಿದ್ದೆ. 38–35ರಿಂದ ಮಹೋಮ್ಸ್ ಗೆದ್ದ. ಅಣ್ಣ ಫೋನು ಮಾಡಿದ. "ಇವನು ಬ್ರೇಡೀನ ಮೀರಿಸ್ತಾನೆ ಅಂತೀಯೇನೋ?" ಅಂದ. ಇನ್ನೂ ಆಡುತ್ತಿದ್ದಾನೆ, ನೋಡೋಣ ಅಣ್ಣ ಅಂದೆ. ಗೆರೆಯ ಹತ್ತಿರ ಬಂದು ಎದುರಾಳಿಗಳ ನಿಲುವನ್ನು ಓದುತ್ತಿದ್ದ ಆ ಇಬ್ಬರನ್ನು ಮತ್ತೊಮ್ಮೆ ನೋಡಬೇಕು ಅನ್ನಿಸಿ ಮುಖ್ಯಾಂಶಗಳನ್ನು ಹಾಕಿದೆ. ಅಷ್ಟರಲ್ಲಿ ಮೆಸ್ಸಿನಲ್ಲಿ ತಿಂಡಿ ಮುಗಿದಿತ್ತು.